ಪ್ರತಿಮೆ ಬೇಡ, ಹಳೇ ಪೇಪರಿಗೊಂದು ಕೋಣೆ ಕೊಡಿ: ದಾವಣಗೆರೆ ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನಮ್ಮೂರಲ್ಲಿ ಮಿರ್ಚಿ ಕಟ್ಟಿಕೊಡುವ ಹಾಳೆಯನ್ನು ಒಮ್ಮೆ ಬಿಡಿಸಿ ನೋಡಿ. ಎಣ್ಣೆ ಹೀರಿದ ಮೂಲೆಯಲ್ಲಿ ಒಂದು ವ್ಯಂಗ್ಯಚಿತ್ರ ಕಂಡರೂ ಕಂಡೀತು. ಮುದ್ರಣದ ಮಸಿ ಹೊಟ್ಟೆಗೆ ಒಳ್ಳೆಯದಲ್ಲ ಎಂಬುದು ಬೇರೆ ಮಾತು. ಆ ಚಿತ್ರ ಬರೆದವರ ಪಾಲಿಗೆ ಅದು ಉಳಿದಿದ್ದ ಕೊನೆಯ ಪ್ರತಿಯೂ ಆಗಿರಬಹುದು.

1921ರಲ್ಲಿ ಮೈಸೂರಿನಲ್ಲಿ ಹುಟ್ಟಿದ ವ್ಯಂಗ್ಯಚಿತ್ರಕಾರ ಆರ್.ಕೆ. ಲಕ್ಷ್ಮಣ್ ಕನ್ನಡದ ಹಾಸ್ಯ ಪತ್ರಿಕೆ ‘ಕೊರವಂಜಿ’ಗೆ ಚಿತ್ರ ಬರೆದು, ಮುಂಬೈ ಸೇರಿ, 1951ರಿಂದ ‘ಶ್ರೀಸಾಮಾನ್ಯ’ ಎಂಬ ತಮ್ಮ ಕಾರ್ಟೂನ್ ಪಾತ್ರವನ್ನು ಮನೆಮನೆಗೆ ತಲುಪಿಸಿದರು. ಆ ಚೌಕಳಿ ಕೋಟಿನ ಮನುಷ್ಯನಿಗೆ ಪುಣೆಯಲ್ಲಿ, ಮುಂಬೈನಲ್ಲಿ ಪ್ರತಿಮೆಗಳಿವೆ. ಬೆಂಗಳೂರಿನಲ್ಲಿ ಕಾರ್ಟೂನ್ ಗ್ಯಾಲರಿಯೇ ಇದೆ. ದೊಡ್ಡ ಹೆಸರಿಗೆ ಎಲ್ಲಾದರೂ ನೆಲೆ ಸಿಗುತ್ತದೆ. ದಾವಣಗೆರೆಯಿಂದಲೇ ಹೊರಡುವ ದಿನಪತ್ರಿಕೆಗಳಲ್ಲಿ, ಜಿಲ್ಲಾ ಪುರವಣಿಗಳಲ್ಲಿ ದಿನಾ ಗೆರೆ ಎಳೆದವರಿಗೆ ಇರುವುದು ಆ ಪೇಪರು ಮಾತ್ರ. ಅದೂ ಕೆಜಿ ಲೆಕ್ಕದಲ್ಲಿ ರದ್ದಿಗೆ ಹೋಗುತ್ತದೆ. ಆ ಪೇಪರುಗಳನ್ನು ಕಾಪಿಡಲು ಒಂದು ಕೋಣೆ ಕೊಡಿ ಎಂಬುದೇ ನಮ್ಮ ಕೋರಿಕೆ.

ಅಮೆರಿಕದ ಗ್ರಂಥಾಲಯಗಳು ಪುಟಗಳನ್ನು ಪುಟ್ಟ ಫಿಲ್ಮಿಗೆ ಇಳಿಸಿ (ಮೈಕ್ರೋಫಿಲ್ಮ್) ಇಟ್ಟುಕೊಂಡು ಹಳೆಯ ಸಂಪುಟಗಳನ್ನು ಹೊರಹಾಕುತ್ತಿದ್ದ ಕಾಲದಲ್ಲಿ ಬಿಲ್ ಬ್ಲ್ಯಾಕ್‌ಬಿಯರ್ಡ್ ಎಂಬವರು ಅವನ್ನು ಹೊತ್ತು ತಂದು ಕಾಮಿಕ್ ಪಟ್ಟಿಗಳನ್ನು (ಸಾಲು ಚೌಕಗಳ ಚಿತ್ರಗಳನ್ನು) ಕತ್ತರಿಸಿ ಜೋಡಿಸಿಟ್ಟರು. ಭಾನುವಾರದ ಬಣ್ಣದ ಪುಟ ಕಪ್ಪುಬಿಳುಪು ಫಿಲ್ಮಿನಲ್ಲಿ ಬರೀ ಮಸಿಯಾಗುತ್ತದೆಂದು ಅವರಿಗೆ ಗೊತ್ತಿತ್ತು. 1998ರಲ್ಲಿ ಆ ಸಂಗ್ರಹ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋದಾಗ ಸುಮಾರು 75 ಟನ್ ತೂಗಿತು. ನಾವು ಕೇಳುವುದು ಅಷ್ಟಲ್ಲ, ಒಂದು ಕೋಣೆ.

ಕೋಣೆ ಎಂದರೆ ಗೋಡೌನ್ ಅಲ್ಲ. ಪತ್ರಿಕೆಯ ಕಾಗದ ಮರದ ತಿರುಳಿನದ್ದು. ಅದರೊಳಗಿನ ಲಿಗ್ನಿನ್ ಎಂಬ ಮರದ ಅಂಶ ಬೆಳಕಿಗೆ, ಬಿಸಿಗೆ ಹಳದಿಯಾಗಿ, ಆಮ್ಲ ಹೆಚ್ಚಿ, ಮಡಿಚಿದ ಕಡೆ ಹಪ್ಪಳದಂತೆ ಮುರಿಯುತ್ತದೆ. ನಮ್ಮ ಏಪ್ರಿಲ್ ಬಿಸಿಲು ಬೀಳುವ ಪಶ್ಚಿಮದ ಗೋಡೆಯ ಕೋಣೆ ಬೇಡ. ಕಬ್ಬಿಣದ ರ‍್ಯಾಕು ಗೋಡೆಗೆ ತಾಗಬಾರದು, ಕೆಳಗಿನ ಹಲಗೆ ನೆಲದಿಂದ ಗೇಣುದ್ದ ಮೇಲಿರಬೇಕು, ಇಲ್ಲದಿದ್ದರೆ ಗೆದ್ದಲು. ಗಾಳಿಯ ತೇವಾಂಶ ನೂರಕ್ಕೆ 65ರ ಮೇಲೇರಿದರೆ ಬೂಸ್ಟು. ಹಾಳೆ ಮಲಗಿಸಿಯೇ ಇಡಬೇಕು.

ಇನ್ನು, ಉಳಿಸಲು ಹೋಗಿ ಕೆಡಿಸುವ ಮೂರು ಕೆಲಸಗಳಿವೆ. ಒಂದು, ಸೆಲ್ಲೋಟೇಪು: ಅದರ ಅಂಟು ಕೆಲವೇ ವರ್ಷಗಳಲ್ಲಿ ಕಂದಾಗಿ ಕಾಗದದೊಳಗೆ ಇಳಿದುಬಿಡುತ್ತದೆ, ಮತ್ತೆ ಬಿಡಿಸಲಾಗದು. ಹರಿದಲ್ಲಿ ತೆಳು ಜಪಾನಿ ಟಿಶ್ಯೂ, ಗೋಧಿ ಪಿಷ್ಟದ ಅಂಟು ಸಾಕು. ಎರಡು, ಲ್ಯಾಮಿನೇಶನ್. ನೋಡಲು ಚೆಂದ, ಆದರೆ ಒಮ್ಮೆ ಮಾಡಿದರೆ ತೆಗೆಯುವಂತಿಲ್ಲ. ಮೂರನೆಯದು ಬೈಂಡಿಂಗು. ಅಂಚು ಕತ್ತರಿಸಿ ಬಿಗಿಯಾಗಿ ಹೊಲಿದರೆ ಒಳಅಂಚಿನ ಕಾಲಂ ಹೊಲಿಗೆಯೊಳಗೆ ಸೇರಿ, ಮೊದಲ ಚೌಕದ ಮಾತೇ ಮಾಯ. ಬೈಂಡ್ ಮಾಡುವ ಮುನ್ನ ಸ್ಕ್ಯಾನ್ ಆಗಲಿ.

ಸ್ಕ್ಯಾನ್ ಮಾಡುವವರಿಗೆ ಹೇಳಬೇಕಾದ್ದು ಇಷ್ಟು: ಹಾಳೆಯ ಹಿಂದೆ ಕಪ್ಪು ಕಾಗದ ಇಡಿ, ಹಿಂಬದಿಯ ಅಕ್ಷರ ಮೂಡುವುದು ನಿಲ್ಲುತ್ತದೆ. ತಾನೇ ಹಾಳೆ ಎಳೆದುಕೊಳ್ಳುವ ಯಂತ್ರ ಬೇಡ, ಹರಿಯುತ್ತದೆ. ಚಿತ್ರ 600 ಡಿಪಿಐನಲ್ಲಿ (ಇಂಚಿಗೆ 600 ಚುಕ್ಕಿ), ಗುಣಮಟ್ಟ ಕುಂದದ ‘ಟಿಫ್’ ಮಾದರಿಯ ಬಣ್ಣದ ಕಡತವಾಗಿ. ಇಡೀ ಪುಟ 300ರಲ್ಲಿ. ಪುಟ ಯಾಕೆಂದರೆ, ಆವತ್ತಿನ ಸುದ್ದಿಯಿಲ್ಲದೆ ಪಾಕೆಟ್ ಕಾರ್ಟೂನಿನ (ಸುದ್ದಿಯ ಮೇಲಿನ ಪುಟ್ಟ ಕಾರ್ಟೂನಿನ) ನಗೆ ಹತ್ತು ವರ್ಷದ ನಂತರ ಯಾರಿಗೂ ಹತ್ತುವುದಿಲ್ಲ. 18 ಸೆಂ.ಮೀ. ಅಗಲ, 6 ಸೆಂ.ಮೀ. ಎತ್ತರದ ಒಂದು ಪಟ್ಟಿ ಸುಮಾರು 18 ಎಂಬಿ ಆಗುತ್ತದೆ. ವರ್ಷದ 365 ಪಟ್ಟಿಗೆ 7 ಜಿಬಿಯೂ ಬೇಕಿಲ್ಲ. ಒಬ್ಬ ಚಿತ್ರಕಾರನ ಇಡೀ ಆಯುಷ್ಯದ ಪಟ್ಟಿಗಳು ಅಂಗೈಯಗಲದ ಹಾರ್ಡ್‌ಡಿಸ್ಕಿನಲ್ಲಿ ಹಿಡಿಸುತ್ತವೆ. ಅದರದೇ ಎರಡನೇ ಪ್ರತಿ ಬೇರೆ ಕಟ್ಟಡದಲ್ಲಿರಲಿ.

ಚಿತ್ರಕಾರರ ಮನೆಯವರು ಮೂಲಚಿತ್ರ ಕೊಟ್ಟರೆ ಇನ್ನೂ ಎಚ್ಚರ ಬೇಕು. ಅವು ಅಚ್ಚಾದದ್ದಕ್ಕಿಂತ ಒಂದೂವರೆ, ಎರಡು ಪಟ್ಟು ದೊಡ್ಡವು. ಅಚ್ಚಿನ ಕ್ಯಾಮೆರಾಕ್ಕೆ ಕಾಣದ ತಿಳಿನೀಲಿ ಪೆನ್ಸಿಲಿನ ಕರಡು, ತಪ್ಪು ಮುಚ್ಚಿದ ಬಿಳಿ ಬಣ್ಣ, ಮೇಲೆ ಅಂಟಿಸಿದ ಮಾತಿನ ಚೀಟಿ ಎಲ್ಲವೂ ಅಲ್ಲೇ ಇರುತ್ತವೆ. ಕೊಳೆ ಎಂದು ರಬ್ಬರಿನಿಂದ ಉಜ್ಜಿದರೆ ಕೈ ಹೇಗೆ ಯೋಚಿಸಿತು ಎಂಬ ಸಾಕ್ಷಿಯನ್ನೇ ಅಳಿಸಿದಂತೆ. ಇಂಡಿಯನ್ ಇಂಕು ಮಾಸುವುದಿಲ್ಲ, ಸ್ಕೆಚ್ ಪೆನ್ನಿನ ಬಣ್ಣ ಬೆಳಕಿಗೆ ಹಾರಿಹೋಗುತ್ತದೆ. ಫ್ರೇಮು ಹಾಕಿ ಗೋಡೆಗೆ ತೂಗುಹಾಕುವುದು ನಕಲನ್ನು ಮಾತ್ರ.

ಕಾನೂನಿನ ತೊಡಕು ಮುಂದೊಡ್ಡುವವರು ಇರುತ್ತಾರೆ. ಹಕ್ಕುಸ್ವಾಮ್ಯ ಚಿತ್ರಕಾರ ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ, ನಿಜ. ಆದರೆ ಲಾಭದ ಉದ್ದೇಶವಿಲ್ಲದ ಸಾರ್ವಜನಿಕ ಗ್ರಂಥಾಲಯ, ತನ್ನಲ್ಲಿ ಈಗಾಗಲೇ ಇರುವ ಪ್ರತಿಯನ್ನು ಕಾಪಿಡಲು ಡಿಜಿಟಲ್ ರೂಪದಲ್ಲಿ ಇಟ್ಟುಕೊಳ್ಳಲು ಹಕ್ಕುಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿ ಅವಕಾಶ ಕೊಟ್ಟಿದೆ. ಅಂತರ್ಜಾಲಕ್ಕೆ ಏರಿಸಲು ಅನುಮತಿ ಬೇಕು. ಅದನ್ನು ಆಮೇಲೆ ಕೇಳೋಣ.

ಹಣ? ಆಸ್ತಿ ತೆರಿಗೆಯ ಜತೆ ನೂರಕ್ಕೆ 6ರಂತೆ ಗ್ರಂಥಾಲಯ ಕರ ಕಟ್ಟುತ್ತಿದ್ದೇವೆ. ಕೆಲಸದ ಕೈಗಳಿಗೆ ದಾವಣಗೆರೆ ವಿಶ್ವವಿದ್ಯಾನಿಲಯದ ದೃಶ್ಯಕಲಾ ಮಹಾವಿದ್ಯಾಲಯದ ಮಕ್ಕಳಿದ್ದಾರೆ. ಗೆರೆಯ ಬೆಲೆ ಅವರಿಗೆ ಹೇಳಿಕೊಡಬೇಕಾಗಿಲ್ಲ.

ಇದೆಲ್ಲಕ್ಕೂ ಸಮಯ ಹಿಡಿಯುತ್ತದೆ ಎಂದು ಬಲ್ಲೆವು. ಅಲ್ಲಿಯವರೆಗೆ, ಜಿಲ್ಲೆಯ ಯಾವ ಸಾರ್ವಜನಿಕ ಗ್ರಂಥಾಲಯವೂ ಹಳೆಯ ಸ್ಥಳೀಯ ಪತ್ರಿಕೆಗಳನ್ನು ರದ್ದಿಗೆ ಹರಾಜು ಹಾಕದಂತೆ ಒಂದು ಸಾಲಿನ ಆದೇಶ ಹೊರಡಿಸಿ.

ಇಂತಿ,
ದಾವಣಗೆರೆಯ ಕೆಲವು ವ್ಯಂಗ್ಯಚಿತ್ರಕಾರರು ಮತ್ತು ಓದುಗರು