ರಿವ್ಯೂಗೆ ಕಳಿಸುವ ಮುನ್ನ

ಸದಸ್ಯರ ಗಮನಕ್ಕೆ: ನಾವು ಬರೆಯುವ ಸಾಫ್ಟ್‌ವೇರ್ ಡಾಕ್ಯುಮೆಂಟ್‌ಗಳನ್ನು (ಬಳಕೆಯ ಕೈಪಿಡಿಗಳನ್ನು) ಇಂಜಿನಿಯರ್‌ಗಳು ರಿವ್ಯೂ ಮಾಡಿಕೊಡುವುದಿಲ್ಲ ಎಂಬ ದೂರು ಪದೇ ಪದೇ ಬರುತ್ತಿದೆ. 40 ಪುಟದ ಪಿಡಿಎಫ್ ಕಳಿಸಿ ‘ದಯವಿಟ್ಟು ನೋಡಿ’ ಅಂದರೆ ಯಾರು ನೋಡುತ್ತಾರೆ? ನೋಡಿದವರೂ ಕಾಗುಣಿತ ತಿದ್ದಿ ಸುಮ್ಮನಾಗುತ್ತಾರೆ. ಬದಲಾದ ಭಾಗವನ್ನಷ್ಟೇ ಕಳಿಸಿ, ಒಂದು ಸಲಕ್ಕೆ ಎರಡು ಮೂರು ಪುಟ ಸಾಕು. ಜೊತೆಗೆ ನೇರ ಪ್ರಶ್ನೆಗಳಿರಲಿ: ‘ಟೈಮ್‌ಔಟ್ (ಉತ್ತರಕ್ಕೆ ಕಾಯುವ ಗರಿಷ್ಠ ಸಮಯ) ಡೀಫಾಲ್ಟ್ 30 ಸೆಕೆಂಡೇ? ಟೋಕನ್ (ಲಾಗಿನ್ ಆದವರಿಗೆ ಸಿಗುವ ಡಿಜಿಟಲ್ ಗುರುತು) ಅವಧಿ ಮುಗಿದರೆ ಬರುವ ಎರರ್ ಕೋಡ್ 401 ಆ, 403 ಆ?’ ಇಂಥವಕ್ಕೆ ಉತ್ತರ ಬೇಗ ಬರುತ್ತದೆ.

ಅದಕ್ಕೂ ಮೊದಲು ಡಾಕ್ಯುಮೆಂಟ್‌ನಲ್ಲಿ ಬರೆದ ಪ್ರತಿ ಹಂತವನ್ನೂ ಹೊಸ ಟೆಸ್ಟ್ ಅಕೌಂಟ್‌ನಲ್ಲಿ ನೀವೇ ಮಾಡಿ ನೋಡಿ. ಹಳೇ ಅಕೌಂಟ್‌ನಲ್ಲಿ ಅಡ್ಮಿನ್ ಅನುಮತಿ ಮೊದಲೇ ಇರುವುದರಿಂದ ಬಿಟ್ಟುಹೋದ ಹಂತ ಕಣ್ಣಿಗೇ ಬೀಳುವುದಿಲ್ಲ.

ಡಾಕ್ಯುಮೆಂಟ್ ಗಿಟ್‌ನಲ್ಲಿದ್ದರೆ (ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ವ್ಯವಸ್ಥೆ), ಡಾಕ್ಯುಮೆಂಟ್‌ನ ಬದಲಾವಣೆಯನ್ನು ಕೋಡ್ ಬದಲಾವಣೆಯ ಪುಲ್ ರಿಕ್ವೆಸ್ಟ್‌ಗೇ (ಬದಲಾವಣೆಯನ್ನು ಪರಿಶೀಲಿಸಿ ಸೇರಿಸಿಕೊಳ್ಳಿ ಎಂಬ ಕೋರಿಕೆ) ಸೇರಿಸಿ. ರಿಲೀಸ್ ಹಿಂದಿನ ದಿನದ ಪರದಾಟ ಎಷ್ಟೋ ಕಮ್ಮಿಯಾಗುತ್ತದೆ.