ಚೆಕ್ ಇಂಜಿನ್ ಲೈಟ್ ಹತ್ತಿದ ಗಾಡಿಗಳಿಗೆ: ಬರುವ ತಿಂಗಳಿಂದ ಮೊದಲು ಪರೀಕ್ಷೆ, ಆಮೇಲೆ ರಿಪೇರಿ

ಗ್ರಾಹಕರಿಗೆಲ್ಲ ನಮಸ್ಕಾರ.

ಬರುವ ತಿಂಗಳ 1ನೇ ತಾರೀಖಿನಿಂದ ನಮ್ಮ ಗ್ಯಾರೇಜಿನಲ್ಲಿ ಸ್ಕ್ಯಾನರ್ ಹಾಕಿ, ಗಾಡಿಯ ಕಂಪ್ಯೂಟರಿನಲ್ಲಿ ದಾಖಲಾದ ದೋಷದ ಕೋಡನ್ನು ಪುಕ್ಕಟೆ ಅಳಿಸಿಕೊಡುವುದನ್ನು ನಿಲ್ಲಿಸುತ್ತಿದ್ದೇವೆ. ಬರೀ ಕೋಡ್ ನೋಡಿ ಸೆನ್ಸರ್ ಬದಲಾಯಿಸುವುದೂ ಇನ್ನಿಲ್ಲ. ಲೈಟ್ ಹತ್ತಿದ ಗಾಡಿಗೆ ಮೊದಲು ಪರೀಕ್ಷೆ ಮಾಡಿ, ಅಳತೆಗಳನ್ನು ಚೀಟಿಯಲ್ಲಿ ಬರೆದು ಕೊಡುತ್ತೇವೆ. ಇದಕ್ಕೆ 600 ರೂಪಾಯಿ. ವೈರಿಂಗ್ ಬಿಚ್ಚಿ ಹುಡುಕಬೇಕಾದರೆ ಫೋನಿನಲ್ಲಿ ಕೇಳಿ, ನೀವು ಒಪ್ಪಿದ ಮೇಲೆ ಮುಂದುವರಿಯುತ್ತೇವೆ.

ಈ ಹಣವನ್ನು ರಿಪೇರಿ ಬಿಲ್ಲಿನಲ್ಲಿ ಕಳೆಯುವುದಿಲ್ಲ. ಕಳೆದರೆ ಪರೀಕ್ಷೆಯ ಕೂಲಿಯನ್ನು ಸಾಮಾನಿನ ಲಾಭದಲ್ಲಿ ತುಂಬಿಕೊಳ್ಳಬೇಕಾಗುತ್ತದೆ. ಚೆನ್ನಾಗಿರುವ ಸೆನ್ಸರ್ ಬದಲಾಯಿಸುವ ಚಾಳಿ ಶುರುವಾಗುವುದು ಅಲ್ಲಿಂದಲೇ.

ಯಾವ ಸರ್ಕ್ಯೂಟಿನಿಂದ ಬಂದ ಲೆಕ್ಕ ಇಸಿಯುಗೆ (ಇಂಜಿನ್ ನಡೆಸುವ ಕಂಪ್ಯೂಟರಿಗೆ) ಸರಿ ಕಾಣಲಿಲ್ಲ ಎನ್ನುವಷ್ಟನ್ನೇ ಕೋಡ್ ಹೇಳುತ್ತದೆ. ಯಾವ ಸಾಮಾನು ಕೆಟ್ಟಿದೆ ಎಂದು ಹೇಳುವುದಿಲ್ಲ. ಪಿ0118 ತೆಗೆದುಕೊಳ್ಳಿ. ಇಂಜಿನ್ ತಂಪಿಡುವ ದ್ರವದ ಬಿಸಿ ಅಳೆಯುವ ಕೂಲೆಂಟ್ ಸೆನ್ಸರಿನ ವೋಲ್ಟೇಜ್ ಮಿತಿಗಿಂತ ಹೆಚ್ಚು ಎಂದು ಅದರ ಅರ್ಥ. ಸ್ಕ್ಯಾನರಿನಲ್ಲಿ ಇಂಜಿನ್ ಬಿಸಿ -40 ಡಿಗ್ರಿ ಎಂದು ಕಾಣುತ್ತಿದ್ದರೆ ಎಲ್ಲೋ ಸಂಪರ್ಕ ಕಡಿದಿದೆ. ಆಗ ಸೆನ್ಸರಿಗೆ ತಂತಿ ಸೇರಿಸುವ ಕಪ್ಲರ್ ಬಿಚ್ಚಿ, ವೈರಿಂಗ್ ಕಡೆಯ ಎರಡು ಪಿನ್‌ಗಳನ್ನು ಒಂದು ತುಂಡು ತಂತಿಯಿಂದ ಸೇರಿಸುತ್ತೇವೆ. ರೀಡಿಂಗ್ ತಟ್ಟನೆ 130 ಡಿಗ್ರಿ ದಾಟಿದರೆ ವೈರಿಂಗ್, ಇಸಿಯು ಎರಡೂ ಸರಿ, ಸೆನ್ಸರ್ ಅಥವಾ ಅದರ ಪಿನ್ ಕೆಟ್ಟಿದೆ. ಅಲುಗದೆ -40ರಲ್ಲೇ ನಿಂತರೆ ಹೊಸ ಸೆನ್ಸರ್ ಹಾಕಿಯೂ ಪ್ರಯೋಜನವಿಲ್ಲ, ತಂತಿ ಹುಡುಕಬೇಕು. ಸೆನ್ಸರನ್ನೂ ಮಲ್ಟಿಮೀಟರಿನಲ್ಲಿ ಅಳೆಯುತ್ತೇವೆ: ಹೆಚ್ಚಿನ ಕಾರುಗಳಲ್ಲಿ 20 ಡಿಗ್ರಿಗೆ ಎರಡರಿಂದ ಮೂರು ಕಿಲೋ ಓಮ್, 80 ಡಿಗ್ರಿಗೆ ಸುಮಾರು 300 ಓಮ್ ಇರುತ್ತದೆ. ಪಿನ್ ಸೇರಿಸುವ ಕೆಲಸವನ್ನು ದಯವಿಟ್ಟು ಮನೆಯಲ್ಲಿ ಮಾಡಬೇಡಿ. ಮೂರು ತಂತಿಯ ಸೆನ್ಸರಿನಲ್ಲಿ ಹಾಗೆ ಮಾಡಿದರೆ 5 ವೋಲ್ಟ್ ಲೈನ್ ಶಾರ್ಟ್ ಆಗಿ, ಅದೇ ಲೈನಿನ ಬೇರೆ ಸೆನ್ಸರುಗಳ ಕೋಡುಗಳೂ ಬರುತ್ತವೆ.

ಹೆಚ್ಚು ದುಡ್ಡು ಪೋಲಾಗುವುದು ಪಿ0171ರಲ್ಲಿ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಎನ್ನುವ ಕೋಡ್ ಇದು. ತುಂಬ ಜನ ಇದಕ್ಕೆ, ಸೈಲೆನ್ಸರ್ ಹೊಗೆಯ ಆಮ್ಲಜನಕ ಅಳೆಯುವ ಆಕ್ಸಿಜನ್ ಸೆನ್ಸರ್ ಹಾಕಿಸುತ್ತಾರೆ. ಆದರೆ ಎಷ್ಟೋ ಸಲ ಆ ಸೆನ್ಸರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ, ಅದು ಕೊಟ್ಟ ಸುದ್ದಿಯೇ ಈ ಕೋಡ್. ಮೊದಲು ನೋಡಬೇಕಾದ್ದು ಫ್ಯೂಯೆಲ್ ಟ್ರಿಮ್, ಅಂದರೆ ಇಸಿಯು ಪೆಟ್ರೋಲನ್ನು ಎಷ್ಟು ಪರ್ಸೆಂಟ್ ಹೆಚ್ಚು ಕಡಿಮೆ ಮಾಡುತ್ತಿದೆ ಎನ್ನುವ ಲೆಕ್ಕ. ಐಡ್ಲಿಂಗ್‌ನಲ್ಲಿ +20 ಪರ್ಸೆಂಟ್ ಇದ್ದು, 2500 ಆರ್‌ಪಿಎಂಗೆ ಏರಿಸಿದಾಗ 5ರ ಹತ್ತಿರ ಇಳಿದರೆ ಥ್ರಾಟಲ್ ಆಚೆ ಎಲ್ಲೋ ಗಾಳಿ ಸೋರುತ್ತಿದೆ: ಮ್ಯಾನಿಫೋಲ್ಡ್ ಗ್ಯಾಸ್ಕೆಟ್, ಪಿಸಿವಿ ಪೈಪ್ (ಇಂಜಿನ್ ಒಳಗಿನ ಆವಿಯನ್ನು ಮತ್ತೆ ಒಳಗೆಳೆಯುವ ಪೈಪ್) ಅಥವಾ ಬ್ರೇಕ್ ಬೂಸ್ಟರ್ ಪೈಪ್. ಹೊಗೆ ಬಿಟ್ಟು ನೋಡಿದರೆ ಸೋರುವ ಜಾಗ ಕಣ್ಣಿಗೇ ಕಾಣುತ್ತದೆ. ಆರ್‌ಪಿಎಂ ಏರಿದಂತೆ ಟ್ರಿಮ್ ಕೂಡ ಏರಿದರೆ ಫ್ಯೂಯೆಲ್ ಪಂಪಿನ ಪ್ರೆಶರ್, ಫಿಲ್ಟರ್, ಅಥವಾ ಒಳಗೆ ಹೋಗುವ ಗಾಳಿ ಅಳೆಯುವ, ಧೂಳು ಹಿಡಿದ ಎಂಎಎಫ್ ಸೆನ್ಸರ್ ಕಡೆ ಹೋಗುತ್ತೇವೆ. ಎಂಎಎಫ್ ತೊಳೆಯಲು ಅದಕ್ಕೆಂದೇ ಬರುವ ಸ್ಪ್ರೇ ಬೇಕು. ಬಟ್ಟೆ ತಾಗಿದರೂ ಒಳಗಿನ ಸಣ್ಣ ತಂತಿ ಹೋಗುತ್ತದೆ.

ಮೊಬೈಲ್ ಆ್ಯಪಿನಲ್ಲಿ ನೋಡಿಕೊಳ್ಳುವವರಿಗೆ ಒಂದು ಮಾತು. ಇಂಜಿನ್ ಆಫ್ ಇದ್ದು ಕೀ ಆನ್ ಮಾಡಿದಾಗ ಮ್ಯಾನಿಫೋಲ್ಡಿನ ಗಾಳಿಯ ಒತ್ತಡ ಅಳೆಯುವ ಎಂಎಪಿ ಸೆನ್ಸರ್ 101 ಕಿಲೋ ಪಾಸ್ಕಲ್ ತೋರಿಸಬೇಕು ಎಂದು ಚಾರ್ಟುಗಳಲ್ಲಿರುತ್ತದೆ. ಅದು ಸಮುದ್ರಮಟ್ಟದ ಲೆಕ್ಕ. ಮೈಸೂರು ಸುಮಾರು 760 ಮೀಟರ್ ಎತ್ತರದಲ್ಲಿದೆ, ಇಲ್ಲಿ 92-93 ಬಂದರೆ ಸೆನ್ಸರ್ ಸರಿಯಾಗಿದೆ ಎಂದೇ ಅರ್ಥ.

ಪ್ರತಿ ಗಾಡಿಯಲ್ಲೂ ಮೊದಲು ನೋಡುವುದು ಬ್ಯಾಟರಿ ಮತ್ತು ಅರ್ಥಿಂಗ್. ನಿಂತ ಗಾಡಿಯ ಬ್ಯಾಟರಿ 12.6 ವೋಲ್ಟ್ ಸುತ್ತಮುತ್ತ ಇರಬೇಕು, ಸೆಲ್ಫ್ ಹೊಡೆದಾಗ 9.6ಕ್ಕಿಂತ ಕೆಳಗೆ ಬೀಳಬಾರದು. ಇಂಜಿನ್ ಬ್ಲಾಕಿಗೂ ಬ್ಯಾಟರಿಯ ಮೈನಸ್‌ಗೂ ನಡುವೆ 0.1 ವೋಲ್ಟಿಗಿಂತ ಹೆಚ್ಚು ಬಂದರೆ ಅರ್ಥ್ ವೈರಿನ ಬೋಲ್ಟ್ ಉಜ್ಜಿ ಬಿಗಿ ಮಾಡಿಯೇ ಮುಂದಿನ ಮಾತು. ಒಂದೇ ಸಲ ಐದಾರು ಸೆನ್ಸರುಗಳ ಕೋಡ್ ಬಂದಿದ್ದರೆ ಅವಷ್ಟೂ ಒಟ್ಟಿಗೆ ಕೆಟ್ಟಿರುವುದು ತೀರಾ ಅಪರೂಪ. ಯು ಅಕ್ಷರದಿಂದ ಶುರುವಾಗುವ ಕೋಡ್ (ಗಾಡಿಯ ಕಂಪ್ಯೂಟರುಗಳ ನಡುವಿನ ಸಂಪರ್ಕದ ದೋಷ) ಇದ್ದರೆ ಬ್ಯಾಟರಿ ಬಿಚ್ಚಿ, ಸ್ಕ್ಯಾನರ್ ಸಿಕ್ಕಿಸುವ ಒಬಿಡಿ ಸಾಕೆಟ್ಟಿನ 6 ಮತ್ತು 14ನೇ ಪಿನ್ ನಡುವೆ ಅಳೆಯುತ್ತೇವೆ. 60 ಓಮ್ ಬರಬೇಕು. 120 ಬಂದರೆ ಆ ಕಂಪ್ಯೂಟರುಗಳನ್ನು ಸೇರಿಸುವ ಕ್ಯಾನ್ ಲೈನ್ ಒಂದು ಕಡೆ ಕಡಿದಿದೆ.

ಮಂಡ್ಯ, ಪಾಂಡವಪುರ, ಶ್ರೀರಂಗಪಟ್ಟಣದ ಕಡೆ ಗದ್ದೆ ಪಕ್ಕ ಗಾಡಿ ನಿಲ್ಲಿಸುವವರು ಕೊಯ್ಲಿನ ಹೊತ್ತಿನಲ್ಲಿ ಇಲಿ ತಂತಿ ಕಡಿದಿದೆಯೇ ಎಂದು ವಾರಕ್ಕೊಮ್ಮೆ ಬಾನೆಟ್ ಎತ್ತಿ ನೋಡಿ. ಇಲಿ ಕಡಿದ ತಂತಿಗೆ ಬರೀ ಟೇಪ್ ಸುತ್ತಿದರೆ ಒಳಗೆ ನೀರು ಹೋಗಿ ಕಿಲುಬು ಹಿಡಿಯುತ್ತದೆ, ಲೈಟ್ ಮತ್ತೆ ಹತ್ತುತ್ತದೆ. ಅದೇ ದಪ್ಪದ ತಂತಿ ಸೇರಿಸಿ, ಬಿಸಿ ಮಾಡಿದರೆ ಕುಗ್ಗುವ, ಒಳಗೆ ಅಂಟು ಇರುವ ಹೀಟ್ ಶ್ರಿಂಕ್ ಟ್ಯೂಬ್ ಹಾಕುವುದು ನಮ್ಮ ಕ್ರಮ. ಇಂಜಿನ್ನಿಗೆ ಪ್ರೆಶರ್ ವಾಟರ್ ವಾಶ್ ಮಾಡಿಸಬೇಡಿ, ಕಪ್ಲರುಗಳಿಗೆ ಅದು ಒಳ್ಳೆಯದಲ್ಲ.

ಗಾಡಿ ತರುವ ಮುಂಚೆ ಕೋಡ್ ಅಳಿಸಬೇಡಿ, ಬ್ಯಾಟರಿ ಬಿಚ್ಚಬೇಡಿ. ಕೋಡ್ ಬಿದ್ದ ಗಳಿಗೆಯಲ್ಲಿ ಸ್ಪೀಡ್, ಆರ್‌ಪಿಎಂ, ಬಿಸಿ ಎಷ್ಟಿತ್ತು ಎನ್ನುವ ಫ್ರೀಜ್ ಫ್ರೇಮ್ ಅದರೊಂದಿಗೇ ಅಳಿಸಿಹೋಗುತ್ತದೆ. ನಮಗೆ ಅದಕ್ಕಿಂತ ಒಳ್ಳೆಯ ಸುಳಿವು ಇಲ್ಲ. ಆನ್‌ಲೈನಿನಲ್ಲಿ ಸೆನ್ಸರ್ ತರಿಸಿದ್ದರೆ ಪೊಟ್ಟಣ ಒಡೆಯದೆ ತನ್ನಿ. ಅದು ಬೇಡ ಎಂದು ಪರೀಕ್ಷೆಯಲ್ಲಿ ಗೊತ್ತಾದರೆ ವಾಪಸ್ ಕಳಿಸುವ ಅವಕಾಶವಾದರೂ ಉಳಿದಿರುತ್ತದೆ. ಲೈಟ್ ಸುಮ್ಮನೆ ಉರಿಯುತ್ತಿದ್ದು ಗಾಡಿ ಸರಿಯಾಗಿ ಓಡುತ್ತಿದ್ದರೆ ನಿಧಾನವಾಗಿ ಓಡಿಸಿಕೊಂಡು ಬನ್ನಿ. ಮಿಣುಕುತ್ತಿದ್ದರೆ ಮಿಸ್‌ಫೈರ್ ಆಗುತ್ತಿದೆ, ಸಿಲಿಂಡರಿನಲ್ಲಿ ಸುಡದ ಪೆಟ್ರೋಲ್ ಹೋಗಿ, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಹಾಳಾಗುತ್ತದೆ. ಪಕ್ಕಕ್ಕೆ ನಿಲ್ಲಿಸಿ ಫೋನ್ ಮಾಡಿ.

ಕೂಲೆಂಟ್, ಆಕ್ಸಿಜನ್ ಸೆನ್ಸರಿನ ತೊಂದರೆಗೆ ತಣ್ಣಗಿರುವ ಇಂಜಿನ್ನಿನಿಂದಲೇ ಪರೀಕ್ಷೆ ಶುರುವಾಗಬೇಕು. ಆದ್ದರಿಂದ ಅಂಥ ಗಾಡಿಯನ್ನು ಹಿಂದಿನ ಸಂಜೆಯೇ ಬಿಟ್ಟುಹೋಗಿ. ಬದಲಾಯಿಸಿದ ಹಳೆ ಸಾಮಾನು, ಅಳತೆಯ ಚೀಟಿ ಎರಡನ್ನೂ ಗಾಡಿ ಜೊತೆ ಕೇಳಿ ಪಡೆಯಿರಿ.

ಇಂತಿ,
ಎಲೆಕ್ಟ್ರಿಕಲ್ ವಿಭಾಗದವರು,
ಮೈಸೂರು