ಚಿತ್ರ ಬರೆದವರ ಹೆಸರೂ ಬರಲಿ

ಮಾನ್ಯ ಸಂಪಾದಕರೇ,

ತುಮಕೂರಿನ ಕಾಲೇಜು ಮಕ್ಕಳು ಜಪಾನಿನ ಅನಿಮೇಷನ್ ಚಿತ್ರಗಳನ್ನು ಆಸಕ್ತಿಯಿಂದ ನೋಡುತ್ತಾರಾದರೂ, ನಮ್ಮ ಪತ್ರಿಕೆಗಳ ಬರಹಗಳು ನಿರ್ದೇಶಕರ ಹೆಸರಿನಲ್ಲೇ ನಿಂತುಬಿಡುತ್ತವೆ. ಆ ಚಿತ್ರಗಳ ಚಲನೆಯನ್ನು ಹಾಳೆಯ ಮೇಲೆ ಬರೆದವರಲ್ಲಿ ಯೊಶಿನೊರಿ ಕನದಾ (1952–2009) ಅವರನ್ನಾದರೂ ಓದುಗರಿಗೆ ಪರಿಚಯಿಸಬೇಕು.

ಸೆಕೆಂಡಿಗೆ 24 ಚೌಕಟ್ಟುಗಳು (ಫ್ರೇಮ್) ಓಡುವಲ್ಲಿ, ಖರ್ಚು ಉಳಿಸಲು ಒಂದೇ ಚಿತ್ರವನ್ನು ಎರಡು ಮೂರು ಚೌಕಟ್ಟುಗಳವರೆಗೆ ಹಿಡಿದಿಡುವುದು ಅಲ್ಲಿನ ಟಿ.ವಿ. ಸರಣಿಗಳ ರೂಢಿ. ಈ ಕೊರತೆಯನ್ನೇ ಕನದಾ ಲಯವಾಗಿಸಿಕೊಂಡರು. ಒಂದು ಭಂಗಿಯನ್ನು ತಡೆದು ನಿಲ್ಲಿಸಿ, ನಡುವಿನ ಚಿತ್ರಗಳನ್ನು ಕೈಬಿಟ್ಟು ಮುಂದಿನದಕ್ಕೆ ಹಾರುವುದು, ನೋಡುಗರತ್ತ ಚಾಚಿದ ಕೈಯನ್ನು ಅಳತೆ ಮೀರಿ ಹಿಗ್ಗಿಸುವುದು, ಬೆಂಕಿಗೂ ಮಿಂಚಿಗೂ ಚೂಪು ಮೂಲೆಗಳ ಆಕಾರ ಕೊಡುವುದು ಅವರ ಗುರುತಾಯಿತು. ಮೂಡಲಪಾಯದ ವೇಷಧಾರಿ ಕುಣಿಯುತ್ತಲೇ ಥಟ್ಟನೆ ನಿಂತಾಗಿನ ಬಿಗಿ ಅದರಲ್ಲಿದೆ. 1983ರ ‘ಹಾರ್ಮಗೆಡ್ಡಾನ್’ ಚಿತ್ರದಲ್ಲಿ ಬೆಂಕಿಯೇ ಡ್ರ್ಯಾಗನ್ ಆಗಿ ಹೊರಳುವ ದೃಶ್ಯವನ್ನು, ನನ್ನ ಮಟ್ಟಿಗೆ, ಚಿತ್ರಕಲೆಯ ಪ್ರತಿ ವಿದ್ಯಾರ್ಥಿಯೂ ನೋಡಲೇಬೇಕು.

ಮುಂದೆ ಅವರು ಹೆಸರಾಂತ ನಿರ್ದೇಶಕ ಹಯಾವೊ ಮಿಯಜಾಕಿಯವರ ಚಿತ್ರಗಳಿಗೂ ದುಡಿದರು; ಹಿರೊಯುಕಿ ಇಮಾಯಿಶಿಯಂಥ ನಂತರದ ಪೀಳಿಗೆಯ ನಿರ್ದೇಶಕರು ಅವರ ಶೈಲಿಯನ್ನು ಬಹಿರಂಗವಾಗಿಯೇ ಮುಂದುವರಿಸಿದ್ದಾರೆ. ಇಲ್ಲಿ ಅನಿಮೇಷನ್ ಕಲಿಯಬೇಕೆನ್ನುವ ಮಕ್ಕಳು ಸಾಫ್ಟ್‌ವೇರಿನಾಚೆಗೂ ನೋಡುವಂತಾಗಲು, ತಮ್ಮ ಭಾನುವಾರದ ಪುರವಣಿಯಲ್ಲಿ ಇಂಥ ಕಲಾವಿದರ ಕುರಿತು ಚಿತ್ರಸಹಿತ ಲೇಖನಗಳನ್ನು ಪ್ರಕಟಿಸಬೇಕೆಂದು ವಿನಂತಿಸುತ್ತೇನೆ.

– ಓದುಗರೊಬ್ಬರು, ತುಮಕೂರು